ದೋಣಿಯೊಳಗಿನ ಫ್ಯಾನ್

"ಅಲ್ಲ, ದೋಣಿಯಲ್ಲಿ ಫ್ಯಾನ್ ಯಾಕಿದೆ?"

ಟಿಪ್ಪಣಿ ಕೇಳಿಕೊಂಡಿದ್ದು ತನ್ನನ್ನೇ. ಆದರೆ ಗ್ರಂಥಾಲಯದ ಅಷ್ಟೂ ತಲೆಗಳು ಅವಳ ಕಡೆ ತಿರುಗಿದವು.

"ಶ್!" ಎಂದರು ಗ್ರಂಥಪಾಲಕರು. ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಮೌನಿ. ಬೆಳಿಗ್ಗೆ ಬೀಗ ತೆಗೆಯುವಾಗ ಶುರುವಾದ ಅವರ ಮಾತು ಸಂಜೆ ಬೀಗ ಹಾಕುವವರೆಗೂ ನಡೆದೇ ಇರುತ್ತಿತ್ತು. "ಗಲಾಟೆ ಮಾಡಬಾರದು ಅಂತ ಬೋರ್ಡ್ ಹಾಕಿದೆ. ಆ ಬೋರ್ಡ್ ಬರೆಸೋಕೆ ನಾನು ಎಷ್ಟು ಓಡಾಡಿದೀನಿ ಗೊತ್ತಾ? ಮೊದಲು ಬಣ್ಣದವರ ಹತ್ರ ಹೋದೆ, ಆಮೇಲೆ ಬಡಗಿ ಹತ್ರ..."

"ಸರ್, ಈ ಕಟ್ಟು ನಿಮಗೆ ಹೇಗೆ ಸಿಕ್ತು? ಇನ್ನೊಂದು ಸಲ ಹೇಳಿ."

ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಎಂದು ಮೌನಿಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವರ ಮುಖ ಅರಳಿತು.

"ಸೋಮವಾರ. ಪಾಠಾಂತರ ಸರ್ ಬಂದ್ರು. ಹಿಂದಿನ ಕೋಣೇಲಿ ಒಂದು ಹಳೇ ನಿಘಂಟು ಇರಬೇಕು, ಕೆಳಗಿನ ಶೆಲ್ಫ್‌ನಲ್ಲಿ ನೋಡಿ ಅಂದ್ರು. ಬಗ್ಗಿದೆ. ಸೊಂಟ ಹಿಡ್ಕೊಳ್ತು. ನಿಘಂಟು ಇರಲಿಲ್ಲ, ಇದು ಇತ್ತು. ನಮ್ಮ ಸೀಲ್ ಇಲ್ಲ, ನಂಬರ್ ಇಲ್ಲ. ಹೇಳೋರು ಕೇಳೋರು ಇಲ್ಲದ ಹಾಗೆ ಬಿದ್ದಿತ್ತು ಪಾಪ."

ಹಳದಿ ತಿರುಗಿದ ಕಾಗದ, ಟೈಪ್ ಮಾಡಿದ ಅಕ್ಷರ, ಮೊದಲ ಹಾಳೆಯಲ್ಲಿ ಮೂವತ್ತು ವರ್ಷದ ಹಿಂದಿನ ಇಸವಿ. ಒಳಗಿದ್ದದ್ದು ಒಂದು ಇಂಗ್ಲಿಷ್ ನಾಟಕ. ಎಂ.ಎ. ಕೊನೆಯ ವರ್ಷದ ಗುಬ್ಬಿ ತಾನೇ ಬರೆದದ್ದೆಂದು ಒಪ್ಪಿಸಿದ ನಾಟಕ, ಮಾತಿಗೆ ಮಾತು ಅದೇ.

ಕೋರ್ಸಿನಲ್ಲಿ ಬರವಣಿಗೆಯ ಪತ್ರಿಕೆ ತೆಗೆದುಕೊಂಡು ಸ್ವಂತ ಕೃತಿ ಒಪ್ಪಿಸುವವರೆಲ್ಲ ಒಂದು ಹಾಳೆಗೆ ಸಹಿ ಹಾಕಬೇಕು: ಇದರ ಪ್ರತಿಯೊಂದು ಮಾತೂ ನನ್ನದು ಎಂದು. ಗುಬ್ಬಿ ಹಾಕಿದ್ದಳು. ಇವತ್ತು ನಾಲ್ಕು ಗಂಟೆಗೆ ಸಮಿತಿ ಕೂರುತ್ತದೆ. ಕದ್ದದ್ದು ಹೌದು ಎಂದಾದರೆ ಅವಳ ಡಿಗ್ರಿ ಹೋಯಿತು. ಶನಿವಾರದ ಪ್ರದರ್ಶನವೂ ಹೋಯಿತು.

ಕಟ್ಟು ಅಸಲಿ ಎಂದು ಸಮಿತಿಗೆ ವರದಿ ಬರೆದುಕೊಟ್ಟವರು ಪಾಠಾಂತರ ಸರ್. ವಿಭಾಗದಲ್ಲಿ ನಾಟಕ ಪಾಠ ಮಾಡುವ ಹಿರಿಯರು. ಒಂದೇ ಕೃತಿಯ ಐದು ಪ್ರತಿ ಹರಡಿಕೊಂಡು ಯಾವುದರಲ್ಲಿ ಏನು ಬೇರೆಯಿದೆ ಎಂದು ಹುಡುಕುವುದೇ ಅವರ ಜೀವನದ ಸುಖ. ಹೆಸರು ಬಂದದ್ದು ಅಲ್ಲಿಂದ. ಅವರ ಮಾತಿಗೆ ಎದುರಾಡುವವರು ವಿಭಾಗದಲ್ಲಿ ಇರಲಿಲ್ಲ.

ಇರಲಿಲ್ಲ, ಟಿಪ್ಪಣಿಯನ್ನು ಬಿಟ್ಟರೆ.

ಪಿಎಚ್‌ಡಿ ಮಾಡುತ್ತ ಅವಳಿಗೆ ಇದು ಐದನೆಯ ವರ್ಷ. ಯಾವ ಪುಸ್ತಕ ಕೊಟ್ಟರೂ ಮೊದಲು ಅಡಿಟಿಪ್ಪಣಿ ಓದುತ್ತಾಳೆಂದು ಆ ಹೆಸರು. ಸಂಶೋಧನೆಯ ವಿಷಯ ನಾಟಕಗಳ ರಂಗಸೂಚನೆ. ಪಾತ್ರಗಳು ಆಡುವ ಮಾತನ್ನು ಎಲ್ಲರೂ ಓದುತ್ತಾರೆ. ಕಂಸದೊಳಗೆ ಇರುವುದನ್ನು ಓದುವವಳು ಅವಳೊಬ್ಬಳೇ. "ಐದು ವರ್ಷದಿಂದ ಕಂಸದೊಳಗೇ ಇದ್ದೀಯ, ಹೊರಗೆ ಬರೋದು ಯಾವಾಗ ಮಹರಾಯ್ತಿ?" ಎಂದು ಅವಳ ಅಮ್ಮ ಫೋನಿನಲ್ಲಿ ಕೇಳುತ್ತಲೇ ಇದ್ದರು.

ಆ ಕಂಸವೊಂದು ಈಗ ಅವಳನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಎರಡನೆಯ ಅಂಕ. ನಡುಹೊಳೆ. ಮುದುಕ ಹುಟ್ಟು ಹಾಕುತ್ತಿದ್ದಾನೆ. ಎದುರಿಗೆ ಕೂತ ಹುಡುಗಿ ಒಂದು ಕಾಗದ ಬಿಚ್ಚಿ ಓದಲು ತೊಡಗುತ್ತಾಳೆ. ಅದಕ್ಕೆ ಸರಿಯಾಗಿ ಮೇಲೆ, ಕಂಸದಲ್ಲಿ: ಫ್ಯಾನ್ ನಿಲ್ಲುತ್ತದೆ.

ಗುಬ್ಬಿ ಒಪ್ಪಿಸಿದ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿದಳು. ಅದೇ ಹೊಳೆ, ಅದೇ ಮುದುಕ, ಅದೇ ಕಾಗದ. ಫ್ಯಾನ್ ಇಲ್ಲ.

ಟಿಪ್ಪಣಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತುಂಬ. ಮೌನಿ ಬೋರ್ಡಿನ ಕಡೆ ಬೆರಳು ತೋರಿಸುವಷ್ಟರಲ್ಲಿ ಅವಳು ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ದಾಟಿದ್ದಳು.

"ಸೀಲ್ ಇಲ್ಲದ್ದನ್ನ ಹೇಗಮ್ಮಾ ಎರವಲು ಕೊಡ್ಲಿ?" ಎಂದು ಅವರು ಕೂಗಿದ್ದು ಮೆಟ್ಟಿಲವರೆಗೂ ಕೇಳಿಸಿತು.

*

ರಿಹರ್ಸಲ್ ಹಾಲಿನಲ್ಲಿ ಗುಬ್ಬಿ ದೋಣಿಯೊಳಗೆ ಕೂತಿದ್ದಳು. ಬಿದಿರು ಕಟ್ಟಿ ಬಟ್ಟೆ ಸುತ್ತಿದ ದೋಣಿ. ತಳವಿರಲಿಲ್ಲ. ಅವಳು ಕೂತದ್ದು ನೆಲದ ಮೇಲೇ.

"ಬಾ ಅಕ್ಕಾ. ಮುಳುಗೋದಾದ್ರೆ ಇದರಲ್ಲೇ ಕೂತು ಮುಳುಗೋಣ ಅಂತ ತೀರ್ಮಾನ ಮಾಡಿದೀನಿ."

"ಮುಳುಗೋಕೂ ತಳ ಬೇಕು ಕಣೇ," ಎಂದ ತಾತ. ತಾತನಿಗೆ ಇಪ್ಪತ್ಮೂರು. ನಾಟಕದಲ್ಲಿ ಅಂಬಿಗ ಮುದುಕನ ಪಾತ್ರ ಸಿಕ್ಕ ದಿನದಿಂದ ಅವನ ಸ್ವಂತ ಹೆಸರನ್ನು ಎಲ್ಲರೂ ಮರೆತಿದ್ದರು. ಅವನು ಹತ್ತಿಯ ಗಡ್ಡವನ್ನು ಹಣೆಗೆ ಏರಿಸಿಕೊಂಡಿದ್ದ.

ಪಕ್ಕದ ಪರದೆಯ ಹಿಂದೆ ಒಂದು ಸ್ಟೂಲ್. ಅದರ ಮೇಲೆ ಪಿಸು. ನಟರು ಮಾತು ಮರೆತರೆ ಪಿಸುಗುಟ್ಟಿ ಜ್ಞಾಪಿಸುವ ಪ್ರಾಂಪ್ಟರ್. ಬರುಬರುತ್ತ ಮನೆಯಲ್ಲೂ ಅಷ್ಟೇ ದನಿಯಲ್ಲಿ ಮಾತಾಡುವ ಅಭ್ಯಾಸವಾಗಿತ್ತು. ಅವನೂ ಬರವಣಿಗೆಯ ಪತ್ರಿಕೆಯವನೇ. ಮೂರು ನಾಟಕ ಬರೆದು ಕೊಟ್ಟಿದ್ದ, ಮೂರೂ ಹಿಂದಕ್ಕೆ ಬಂದಿದ್ದವು.

"ಪಿಸು, ನಿನ್ನ ಪುಸ್ತಕ ಕೊಡು."

ಅವನು ಕೊಟ್ಟ. ದಪ್ಪ ರಟ್ಟಿನ ನೋಟ್‌ಬುಕ್. ಬೇರೆ ಪ್ರಾಂಪ್ಟರ್‌ಗಳು ನಾಟಕದ ಪ್ರತಿಯ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಪಿಸು ಹಾಗಲ್ಲ. ಇಡೀ ನಾಟಕವನ್ನು ತನ್ನ ಕೈಯಿಂದ ಬರೆದುಕೊಳ್ಳುತ್ತಾನೆ. ಕೈಯಿಂದ ಇಳಿದದ್ದು ಬಾಯಿಗೆ ಬೇಗ ಬರುತ್ತದೆ ಎಂಬುದು ಅವನ ಸಿದ್ಧಾಂತ. ಗುಬ್ಬಿ ಕೊನೆಯ ದಿನದವರೆಗೂ ತಿದ್ದುತ್ತಲೇ ಇದ್ದಳಾದ್ದರಿಂದ ತಿಂಗಳುಗಟ್ಟಲೆ ಇಡೀ ನಾಟಕ ಒಂದು ಕಡೆ ಇದ್ದದ್ದು ಈ ನೋಟ್‌ಬುಕ್ಕಿನಲ್ಲಿ ಮಾತ್ರ.

ಟಿಪ್ಪಣಿ ಎರಡನೆಯ ಅಂಕ ತೆಗೆದಳು. ಕಂಸ ಅಲ್ಲೇ ಇತ್ತು, ಅಚ್ಚಿನಂಥ ಅಕ್ಷರದಲ್ಲಿ.

"ಇದೇನಿದು, ಫ್ಯಾನ್ ನಿಲ್ಲುತ್ತದೆ?"

ಪಿಸು ತುಟಿ ಅಲ್ಲಾಡಿಸಿದ.

"ಜೋರಾಗಿ ಹೇಳೋ, ನಾವೇನು ಸ್ಟೇಜ್ ಮೇಲಿದ್ದೀವಾ?" ಎಂದ ತಾತ.

"ಅದು ನಾಟಕದ್ದಲ್ಲ ಅಕ್ಕಾ. ನನಗೆ ನಾನೇ ಹಾಕ್ಕೊಂಡ ಸೂಚನೆ." ಪಿಸು ಮೇಲೆ ಕೈ ತೋರಿಸಿದ. "ಆ ಮೂರನೇದು ಇದೆಯಲ್ಲ, ಅದು ಕಿರುಗುಟ್ಟುತ್ತೆ. ಕಾಗದ ಓದೋ ಜಾಗದಲ್ಲಿ ಹುಡುಗಿ ಮೆತ್ತಗೆ ಓದಬೇಕು, ಒಂದಕ್ಷರ ಕೇಳಿಸಲ್ಲ. ಅದಕ್ಕೇ ಅಲ್ಲಿ ಬಂದಾಗ ನಾನೇ ಎದ್ದು ಹೋಗಿ ಸ್ವಿಚ್ ಆರಿಸ್ತೀನಿ."

ಗುಬ್ಬಿ ಸ್ವಿಚ್ ಹಾಕಿ ತೋರಿಸಿದಳು. ಫ್ಯಾನ್ ಎರಡು ಸುತ್ತು ಸುಮ್ಮನಿದ್ದು, ಮೂರನೆಯ ಸುತ್ತಿಗೆ ತುಕ್ಕು ಹಿಡಿದ ಗೇಟಿನ ಹಾಗೆ ಶುರು ಮಾಡಿತು.

"ಇದನ್ನ ಹಾಕಿದ್ದು ಯಾವಾಗ?" ಟಿಪ್ಪಣಿ ಸದ್ದಿನ ಮೇಲೆ ಕೂಗಿದಳು.

"ಈ ವರ್ಷ! ಮೂರು ತಿಂಗಳಾಯ್ತು!"

"ಹಾಗಾದ್ರೆ ಮೂವತ್ತು ವರ್ಷದ ಹಿಂದಿನ ದೋಣಿಗೆ ಇದು ಹಾರಿ ಹೋಗಿದ್ದು ಹೇಗೆ?"

ಅವಳು ಹಳದಿ ಕಟ್ಟನ್ನು ಬಿಚ್ಚಿ ಅದೇ ಜಾಗ ತೋರಿಸಿದಳು. ಮೂರು ತಲೆಗಳು ಬಗ್ಗಿದವು. ಮೊದಲು ಕಿರುಚಿದವಳು ಗುಬ್ಬಿ. ಆಮೇಲೆ ತಾತ. ಪಿಸು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ, ಆದರೆ ಅವನ ಬಾಯಿ ತೆರೆದದ್ದು ಕಾಣಿಸಿತು.

"ಪಿಸು ಪುಸ್ತಕ ನೋಡಿ ಟೈಪ್ ಮಾಡಿದಾರೆ!" ಗುಬ್ಬಿ ಟಿಪ್ಪಣಿಯ ಎರಡೂ ಕೈ ಹಿಡಿದು ಅಲ್ಲಾಡಿಸಿದಳು. "ಅಕ್ಕಾ! ಹಳೇದಲ್ಲ! ಹಳೇ ಕಾಗದ ಅಷ್ಟೇ!"

ತಾತ ಥಟ್ಟನೆ ಪಿಸುವಿನ ಕಡೆ ತಿರುಗಿದ. ಗಡ್ಡ ಹಣೆಯಿಂದ ಮೂಗಿಗೆ ಇಳಿಯಿತು.

"ಲೋ. ನಿನ್ನ ಪುಸ್ತಕ. ನಿನ್ನ ಮೂರು ನಾಟಕಾನೂ ಬೇಡ ಅಂದಿದ್ರು. ನೀನೇನಾದ್ರೂ..."

ಪಿಸು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಅವನಲ್ಲ," ಎಂದಳು ಟಿಪ್ಪಣಿ. "ಯೋಚನೆ ಮಾಡು. ಆ ಫ್ಯಾನ್ ಏನು ಅಂತ ಅವನಿಗಿಂತ ಚೆನ್ನಾಗಿ ಗೊತ್ತಿರೋದು ಯಾರಿಗೆ? ಅವನು ಟೈಪ್ ಮಾಡಿದ್ರೆ ಮೊದಲು ಬಿಡ್ತಿದ್ದದ್ದೇ ಆ ಸಾಲು. ನೀನಾದ್ರೂ ಬಿಡ್ತಿದ್ದೆ. ಈ ಹಾಲ್‌ನಲ್ಲಿ ಒಂದೇ ಒಂದು ದಿನ ಕೂತವರು ಯಾರಾದ್ರೂ ಬಿಡ್ತಿದ್ರು. ಇದನ್ನ ಟೈಪ್ ಮಾಡಿದವರು ರಿಹರ್ಸಲ್ಲನ್ನ ಕಣ್ಣಲ್ಲೇ ನೋಡಿಲ್ಲ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಕಂಡಿದ್ದನ್ನ ಕಂಡ ಹಾಗೇ ಇಳಿಸಿದಾರೆ."

ತಾತ ಗಡ್ಡ ತೆಗೆದು ಪಿಸುವಿನ ಕೈಗೆ ಕೊಟ್ಟ. ಅದೇ ಅವನ ಕ್ಷಮೆ. "ಇಟ್ಕೋ. ಹೊಡೀಬೇಕು ಅನ್ಸಿದ್ರೆ ಹೊಡಿ, ಇದ್ರಲ್ಲೇ ಹೊಡಿ, ನೋವಾಗಲ್ಲ."

ಪಿಸು ಅವನ ತಲೆಗೆ ಹತ್ತಿಯಿಂದ ಒಂದು ಕೊಟ್ಟ.

"ಈ ಪುಸ್ತಕ ನಿನ್ನ ಕೈ ಬಿಟ್ಟು ಎಲ್ಲಾದ್ರೂ ಹೋಗಿತ್ತಾ?"

"ಒಂದೇ ಸಲ. ಪ್ರಾಂಪ್ಟಿಂಗ್‌ಗೂ ಮಾರ್ಕ್ಸ್ ಇದೆಯಲ್ಲ. ನೋಡಬೇಕು ಅಂತ ತರಿಸಿಕೊಂಡಿದ್ರು, ಎರಡು ದಿನ ಇಟ್ಕೊಂಡಿದ್ರು." ಪಿಸು ಬಾಗಿಲ ಕಡೆ ನೋಡಿ ಮತ್ತೆ ಪಿಸುಗುಟ್ಟಿದ. ಈ ಸಲ ಜೋರಾಗಿ ಹೇಳು ಎಂದು ಯಾರೂ ಅನ್ನಲಿಲ್ಲ. ಎಲ್ಲರಿಗೂ ಕೇಳಿಸಿತ್ತು.

ಪಾಠಾಂತರ ಸರ್.

ನಾಟಕ ಇರುವುದು ಓದುವುದಕ್ಕೆ, ನೋಡುವುದಕ್ಕಲ್ಲ ಎಂದು ಪ್ರತಿ ವರ್ಷದ ಮೊದಲ ಪಾಠದಲ್ಲಿ ಹೇಳುವವರು. ಇಪ್ಪತ್ತಾರು ವರ್ಷದಲ್ಲಿ ಈ ಹಾಲಿನ ಹೊಸ್ತಿಲು ತುಳಿಯದವರು.

ಗುಬ್ಬಿ ತಳವಿಲ್ಲದ ದೋಣಿಯನ್ನು ಸೊಂಟಕ್ಕೆ ಎತ್ತಿಕೊಂಡು ಹಾಲಿನ ಸುತ್ತ ಓಡಿದಳು. ತಾತ ಹುಟ್ಟು ಹಿಡಿದು ಹಿಂದೆ ಓಡಿದ. ಮೂರನೆಯ ಸುತ್ತಿಗೆ ಪಿಸುವೂ ಸೇರಿದ. ಟಿಪ್ಪಣಿ ಬಾಗಿಲಲ್ಲಿ ನಿಂತು ನಗುತ್ತ ಗಡಿಯಾರ ನೋಡಿದಳು. ಮೂರು ಇಪ್ಪತ್ತು.

ಆದರೆ ಒಂದು ಮುಳ್ಳು ಒಳಗೇ ಉಳಿದಿತ್ತು. ಮಾಡಿದವರು ಸಿಕ್ಕರು. ಕಾರಣ ಸಿಕ್ಕಿರಲಿಲ್ಲ. ಅಲ್ಪವಿರಾಮ ಆಚೀಚೆಯಾದರೆ ರಾತ್ರಿ ನಿದ್ದೆ ಮಾಡದ ಮನುಷ್ಯ ಒಂದು ಇಡೀ ಪುಸ್ತಕ ಸುಳ್ಳು ಮಾಡುವುದೆಂದರೆ?

*

"ಬನ್ನಿ, ಕೂತ್ಕೊಳ್ಳಿ," ಎಂದರು ಪಾಠಾಂತರ ಸರ್. ಗುಬ್ಬಿಯನ್ನು ಕಂಡು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ ಕನ್ನಡಕವನ್ನು ಹಾಕಿಕೊಳ್ಳಲಿಲ್ಲ.

ಕೋಣೆಯಲ್ಲಿ ಕುರ್ಚಿಗಳ ಮೇಲೂ ಪುಸ್ತಕ. ಟಿಪ್ಪಣಿ ಒಂದು ರಾಶಿ ಎತ್ತಿ ನೆಲಕ್ಕಿಟ್ಟಳು. ಗುಬ್ಬಿ ನಿಂತೇ ಇದ್ದಳು.

"ಸರ್, ಸಮಿತಿಗೆ ಮುಂಚೆ ಒಂದು ಅನುಮಾನ ಇತ್ತು. ನಿಮ್ಮನ್ನ ಬಿಟ್ಟು ಬೇರೆ ಯಾರನ್ನ ಕೇಳಲಿ?"

ಅವರಿಗೆ ಅದು ಇಷ್ಟವಾಯಿತು. "ಕೇಳಮ್ಮ."

"ಈ ಹಳೇ ಪ್ರತಿಯ ಎರಡನೇ ಅಂಕದಲ್ಲಿ ಒಂದು ರಂಗಸೂಚನೆ ಇದೆ. ನಡುಹೊಳೆ, ದೋಣಿ. ಫ್ಯಾನ್ ನಿಲ್ಲುತ್ತದೆ. ಇದರ ಅರ್ಥ ಏನು ಸರ್?"

ಸರ್ ಕುರ್ಚಿಗೆ ಒರಗಿದರು. ಎರಡು ಕೈಯ ಬೆರಳ ತುದಿಗಳು ಒಂದನ್ನೊಂದು ಮುಟ್ಟಿದವು. ಪಾಠ ಶುರುವಾಗುವ ಲಕ್ಷಣ ಅದು.

"ಒಳ್ಳೇ ಪ್ರಶ್ನೆ. ನೋಡು, ಮೇಲ್ನೋಟಕ್ಕೆ ಅಸಂಗತ. ದೋಣಿಯಲ್ಲಿ ಫ್ಯಾನ್ ಇರೋದಿಲ್ಲ. ಆದ್ದರಿಂದಲೇ ಅದು ಮುಖ್ಯ. ಹೊಳೆ ಅನ್ನೋದು ಹರಿಯುವ ಕಾಲ. ಫ್ಯಾನ್ ಅನ್ನೋದು ಸುತ್ತುವ ಕಾಲ, ಮನೆಯೊಳಗಿನ ಕಾಲ. ಕಾಗದ ಬಿಚ್ಚಿದ ಕ್ಷಣ ಒಂದು ಕಾಲ ನಿಲ್ಲುತ್ತೆ, ಇನ್ನೊಂದು ಹರೀತಾನೇ ಇರುತ್ತೆ. ಅದ್ಭುತವಾದ ಸಂಕೇತ. ಮೂವತ್ತು ವರ್ಷದ ಹಿಂದೆ ಹೀಗೆ ಬರೆದವರು ಯಾರೋ, ನಿಜಕ್ಕೂ..."

ಗುಬ್ಬಿ ಕೆಮ್ಮಿದಳು. ಕೆಮ್ಮು ಹದ ಮೀರಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಕುಣಿಯುತ್ತಿತ್ತು.

ಟಿಪ್ಪಣಿ ಪಿಸುವಿನ ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟಳು.

"ರಿಹರ್ಸಲ್ ಹಾಲ್‌ನಲ್ಲಿ ಈ ವರ್ಷ ಹೊಸದಾಗಿ ಒಂದು ಫ್ಯಾನ್ ಹಾಕಿದಾರೆ ಸರ್. ಬಹಳ ಸದ್ದು ಮಾಡುತ್ತೆ. ಕಾಗದ ಓದೋ ಜಾಗ ಬಂದಾಗ ಪ್ರಾಂಪ್ಟರ್ ಎದ್ದು ಹೋಗಿ ಆರಿಸ್ತಾನೆ. ಮರೀಬಾರದು ಅಂತ ಬರ್ಕೊಂಡಿದಾನೆ. ಕಾಲ ಗೀಲ ಏನೂ ಇಲ್ಲ."

ಸರ್ ನೋಟ್‌ಬುಕ್ ನೋಡಿದರು. ಕಟ್ಟು ನೋಡಿದರು. ಮತ್ತೆ ನೋಟ್‌ಬುಕ್ ನೋಡಿದರು. ಎರಡು ಪ್ರತಿಗಳ ನಡುವಿನ ವ್ಯತ್ಯಾಸ ಹುಡುಕುವುದು ಅವರ ಕಸುಬು. ಇಲ್ಲಿ ವ್ಯತ್ಯಾಸ ಇರಲಿಲ್ಲ.

"ಸ್ವಿಚ್ಚಾ?" ಎಂದರು ಕೊನೆಗೆ.

"ಬಾಗಿಲ ಎಡಗಡೆ ಇದೆ ಸರ್. ಒಂದು ದಿನ ಬಂದಿದ್ರೆ ನಿಮಗೇ ಕಾಣ್ತಿತ್ತು."

ಅವರು ನಕ್ಕುಬಿಟ್ಟರು. ಟಿಪ್ಪಣಿ ಎಲ್ಲಕ್ಕೂ ಸಿದ್ಧಳಾಗಿ ಬಂದಿದ್ದಳು. ಕೂಗಾಟಕ್ಕೆ, ಗದರಿಕೆಗೆ, ಗೈಡ್‌ಗೆ ಹೇಳ್ತೀನಿ ಎಂಬ ಮಾತಿಗೆ. ಈ ನಗುವಿಗೆ ಸಿದ್ಧಳಾಗಿರಲಿಲ್ಲ. ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಗುಬ್ಬಿಗೂ ತಡೆಯಲಾಗಲಿಲ್ಲ. ಕದ್ದಳೆನಿಸಿಕೊಂಡವಳು ಮತ್ತು ಕಳ್ಳಿ ಎಂದವರು ಒಂದೇ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಟಿಪ್ಪಣಿ ಯಾವ ನಾಟಕದಲ್ಲೂ ಓದಿರಲಿಲ್ಲ.

"ಇಪ್ಪತ್ತಾರು ವರ್ಷದ ಪಾಂಡಿತ್ಯ," ಎಂದು ಅವರು ಕಣ್ಣೊರೆಸಿಕೊಂಡರು. "ಒಂದು ಸ್ವಿಚ್ಚಿಗೆ ಹೋಯ್ತು." ಎದ್ದು ಬೀರು ತೆರೆದರು. ಕೆಳಗಿನ ಅರೆಯಲ್ಲಿ ಒಂದು ಹಳೆಯ ಟೈಪ್‌ರೈಟರ್, ಪಕ್ಕದಲ್ಲಿ ಹಳದಿ ಕಾಗದದ ಉಳಿದ ರಾಶಿ. "ಅಲ್ಲಿ ಇಲ್ಲಿ ಹುಡುಕೋದು ಬೇಡ. ಇದೇ."

"ಯಾಕೆ ಸರ್?"

ಅವರು ಮೊದಲ ಸಲ ನೇರವಾಗಿ ಗುಬ್ಬಿಯನ್ನು ನೋಡಿದರು.

"ನಾಟಕ ನಿನ್ನದೇ ಮಗು. ಚೆನ್ನಾಗಿದೆ. ಮುದುಕನ ಮಾತಂತೂ ನನ್ನ ಕೈಲಿ ಬರೆಯೋಕೆ ಆಗ್ತಿರಲಿಲ್ಲ. ಆದರೆ ಆ ಹುಡುಗಿ ದೋಣಿಯಲ್ಲಿ ಓದ್ತಾಳಲ್ಲ, ಆ ಕಾಗದ. ಅದು ನಿಂದಾ?"

ಗುಬ್ಬಿಯ ನಗು ನಿಂತಿತು.

"ಅದು ನಂದು," ಎಂದರು ಸರ್. "ಇಪ್ಪತ್ತೆರಡನೇ ವಯಸ್ಸಲ್ಲಿ ಬರೆದದ್ದು. ಇಂಗ್ಲಿಷಲ್ಲೇ ಬರೆದೆ. ಆಗ ಅದೊಂದು ಶೋಕಿ. ಒಂದು ಸಲ ಬರೆದೆ, ಒಬ್ಬರಿಗೇ ಬರೆದೆ, ನಕಲು ಇಟ್ಕೊಳ್ಳಲಿಲ್ಲ. ಆ ಹುಡುಗನ ಪುಸ್ತಕದಲ್ಲಿ ಅದನ್ನ ಓದಿದಾಗ ಎದ್ದು ಬಾಗಿಲಿಗೆ ಚಿಲಕ ಹಾಕಿದೆ. ಫ್ಯಾನ್ ಅಂತ ಟೈಪ್ ಮಾಡಿದ್ದು ನನಗೆ ಗೊತ್ತೇ ಆಗಲಿಲ್ಲ, ಕಣ್ಣು ಮುಂದಿನ ಸಾಲಿನ ಮೇಲಿತ್ತು. ಏನು ಮಾಡಲಿ ಹೇಳು? ಸಮಿತಿ ಮುಂದೆ ನಿಂತು ಇದು ನನ್ನ ಪ್ರೇಮಪತ್ರ ಅನ್ನಲಾ? ಸಾಕ್ಷಿ ಎಲ್ಲಿ? ಶನಿವಾರ ಇಡೀ ವಿಭಾಗ ಮುಂದೆ ಕೂತು ಅದನ್ನ ಕೇಳುತ್ತೆ. ಹೇಗಾದರೂ ನಿಲ್ಲಿಸಬೇಕಿತ್ತು. ನಿನ್ನ ಡಿಗ್ರಿವರೆಗೂ ಹೋಗುತ್ತೆ ಅಂತ... ಯೋಚನೆ ಮಾಡ್ಲಿಲ್ಲ. ಸುಳ್ಳು. ಯೋಚನೆ ಮಾಡಿದೆ. ಆದರೂ ಮಾಡಿದೆ."

"ಸರ್," ಎಂದಳು ಗುಬ್ಬಿ. ಅವಳ ದನಿ ಪಿಸುವಿನದಾಗಿತ್ತು. "ದುಂಡಕ್ಷರ. ನೀಲಿ ಶಾಯಿ. ಎರಡು ಹಾಳೆ."

"ಆಗ ನನ್ನ ಅಕ್ಷರ ದುಂಡಗಿತ್ತು. ನಿಮ್ಮೆಲ್ಲರ ಪೇಪರ್ ತಿದ್ದಿ ತಿದ್ದಿ ಹೀಗಾಯ್ತು. ಎಲ್ಲಿ ಸಿಕ್ಕಿತು?"

"ಸಿಗಲಿಲ್ಲ ಸರ್. ಬಂತು. ಅಂಚೆಯಲ್ಲಿ. ಎರಡು ವರ್ಷದ ಹಿಂದೆ, ನಾಟಕ ಬರೆಯೋಕೆ ಬಂದಿದೀನಿ ಅಂತ ಸಂದರ್ಶನದಲ್ಲಿ ಹೇಳಿ ನಾನು ಕೋರ್ಸಿಗೆ ಸೇರಿದ ವಾರ. ಲಕೋಟೆ ಮೇಲೆ ನನ್ನ ಹೆಸರು ಟೈಪ್ ಆಗಿತ್ತು. ಒಳಗೆ ಸಹಿ ಇರಲಿಲ್ಲ. ನನಗೇ ಯಾರೋ ಬರೆದಿದ್ದಾರೆ ಅಂತ ಒಂದು ತಿಂಗಳು ದಿನಾ ತಲೆ ಬಾಚಿಕೊಂಡು ಬಂದೆ." ಅವಳು ಮೂಗು ಒರೆಸಿಕೊಂಡಳು. "ಯಾರೂ ಬರಲಿಲ್ಲ. ನನಗೆ ಬಂದ ಕಾಗದ ನಂದೇ ಅಲ್ವಾ ಅಂತ ನಾಟಕಕ್ಕೆ ಹಾಕಿದೆ."

ಟಿಪ್ಪಣಿಯ ತಲೆಯಲ್ಲಿ ಆ ಸಹಿಯ ಹಾಳೆ ಕಣ್ಣು ಬಿಟ್ಟಿತು. ಪ್ರತಿಯೊಂದು ಮಾತೂ ನನ್ನದು.

"ಸರ್, ಆ ಕಾಗದ ನೀವು ಬರೆದದ್ದು ಯಾರಿಗೆ?" ಎಂದು ಕೇಳಿದಳು.

"ಅದು ಬೇಡ." ಅವರು ಕೈ ಎತ್ತಿದರು. "ಕೇಳಿಲ್ಲಿ. ಕಟ್ಟು ನಂದು ಅಂತ ನಾನು ಒಪ್ಪಿಕೊಳ್ತೀನಿ. ಶಿಕ್ಷೆ ಏನಿದ್ರೂ ನನಗೆ. ಇವಳು ಡಿಗ್ರಿ ತಗೊಂಡು ಹೋಗಲಿ. ಕಾಗದದ ಮಾತು ಮಾತ್ರ ಈ ಕೋಣೆ ಬಿಟ್ಟು ಹೋಗೋದು ಬೇಡ. ಯಾರಿಗೆ ನಷ್ಟ?"

ಯಾರಿಗೂ ಇರಲಿಲ್ಲ. ಟಿಪ್ಪಣಿ ಹುಡುಕಿ ನೋಡಿದಳು. ಬಾಯಿ ಮುಚ್ಚಿಕೊಂಡರೆ ಎಲ್ಲರೂ ಗೆದ್ದ ಹಾಗೆ.

ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಿದವರು ಉತ್ತರಕ್ಕೆ ಕಾಯಲಿಲ್ಲ. ವಿಭಾಗದ ಮುಖ್ಯಸ್ಥೆ, ಸಮಿತಿಯ ಅಧ್ಯಕ್ಷೆ, ಎಲ್ಲರ ಬಾಯಲ್ಲೂ ಬರೀ ಮೇಡಂ. ಕೈಯಲ್ಲಿ ಫೈಲು. ಅವರ ಹಿಂದೆ ಕಾರಿಡಾರಿನಲ್ಲಿ ತಾತ ಮತ್ತು ಪಿಸು ಇಣುಕುತ್ತಿದ್ದರು.

"ಕಟ್ಟು ನಕಲಿ ಅಂತ ಆ ತಾತ ಕಟ್ಟಡದ ತುಂಬ ಡಂಗುರ ಸಾರ್ತಿದ್ದಾನೆ. ಮೌನಿ ಅದನ್ನ ಕುಲಪತಿಗಳ ಆಫೀಸಿಗೂ ಮುಟ್ಟಿಸಿ ಆಯ್ತು. ನಿಜಾನಾ?"

"ನಿಜ ಮೇಡಂ," ಎಂದರು ಪಾಠಾಂತರ ಸರ್, ಎದ್ದು ನಿಂತು. "ನಾನೇ ಟೈಪ್ ಮಾಡಿದ್ದು."

ಮೇಡಂ ಕುರ್ಚಿಯ ಮೇಲಿನ ಪುಸ್ತಕಗಳನ್ನು ಎತ್ತಿ ಅವರ ಕೈಗೇ ಕೊಟ್ಟು ಕೂತರು. ಬಾಗಿಲಲ್ಲಿ ತಾತ ಪಿಸುವನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ.

"ನಿಮ್ಮದು ಆಮೇಲೆ. ಬಹಳ ಇದೆ." ಅವರು ಗುಬ್ಬಿಯ ಕಡೆ ತಿರುಗಿದರು. ಮುಖ ಸಡಿಲವಾಯಿತು. "ನೀನು ಇಲ್ಲೇ ಮುಗಿಸಿ ಮನೆಗೆ ಹೋಗು. ಫೈಲಿಗೆ ಒಂದು ಸಾಲು ಬೇಕು, ಅಷ್ಟೇ. ಈ ನಾಟಕದ ಪ್ರತಿಯೊಂದು ಮಾತೂ ನಿನ್ನದು ತಾನೇ? ಹೌದು ಅನ್ನು, ಬರೆದುಕೊಳ್ತೀನಿ."

ಪೆನ್ನು ಹಾಳೆಯ ಮೇಲೆ ಇಳಿದು ಕಾದಿತ್ತು. ಹೌದು ಎನ್ನು, ಎಂದು ಟಿಪ್ಪಣಿ ಮನಸ್ಸಿನಲ್ಲೇ ಪ್ರಾಂಪ್ಟ್ ಮಾಡಿದಳು. ಪಾಠಾಂತರ ಸರ್ ಪುಸ್ತಕಗಳನ್ನು ಎದೆಗೆ ಅವಚಿಕೊಂಡು ಗುಬ್ಬಿಗೆ ತಲೆ ಆಡಿಸಿ ಸನ್ನೆ ಮಾಡಿದರು: ಹೇಳು, ಹೇಳಿಬಿಡು.

"ಇಲ್ಲ ಮೇಡಂ," ಎಂದಳು ಗುಬ್ಬಿ.

ಪೆನ್ನು ಹಾಳೆಯಿಂದ ಮೇಲೆದ್ದಿತು.

"ದೋಣಿಯ ಕಾಗದ ನನ್ನದಲ್ಲ. ನನಗೆ ಬಂದಿತ್ತು, ಆದರೆ ನನಗೆ ಬರೆದದ್ದಲ್ಲ. ಉಳಿದದ್ದೆಲ್ಲ ನನ್ನದು. ಅದಿಷ್ಟು ಅಲ್ಲ." ಅವಳು ಉಸಿರು ಎಳೆದುಕೊಂಡಳು. "ಮಳೆ ಬಂದಾಗಲೆಲ್ಲ ನಿನ್ನ ಛತ್ರಿ ನನ್ನ ಹತ್ತಿರವೇ ಇದೆ ಅನ್ನೋದು ನೆನಪಾಗುತ್ತೆ, ಬಿಚ್ಚೋಕೆ ಮನಸ್ಸು ಬರಲ್ಲ, ಛತ್ರಿ ಒಣಗಿಯೇ ಇದೆ, ನಾನು ಮಾತ್ರ ಒದ್ದೆ ಅಂತ ಬರುತ್ತಲ್ಲ ಮೇಡಂ, ಅದು. ಅದು ಒಂದು ಹಾಳೆ. ಇನ್ನೊಂದು ಹಾಳೆನೂ ಇದೆ. ನಾಟಕಕ್ಕೆ ಹಾಕಲಿಲ್ಲ. ಈವರೆಗೆ ಯಾರಿಗೂ ತೋರಿಸಿಲ್ಲ."

"ಯಾಕೆ?" ಮೇಡಂ ಫೈಲಿನಿಂದ ತಲೆ ಎತ್ತಿರಲಿಲ್ಲ.

"ಓದೋಕೆ ನಾಚಿಕೆ ಆಗ್ತಿತ್ತು."

"ನಾಚಿಕೆ ಏನು ಬಂತು? ನನಗೋಸ್ಕರ ಬರಬೇಡ, ಛತ್ರಿಗೋಸ್ಕರ ಬಾ, ಬಂದ ಮೇಲೆ ಅದನ್ನ ಎಲ್ಲಿಟ್ಟೆ ಅಂತ ಹುಡುಕೋಕೆ ನನಗೆ ಒಂದು ಗಂಟೆ ಬೇಕು. ಇದರಲ್ಲಿ ನಾಚಿಕೆ ಪಡೋದು..."

ಮೇಡಂ ಅಲ್ಲಿಗೆ ನಿಲ್ಲಿಸಿದರು. ಗುಬ್ಬಿ ಟಿಪ್ಪಣಿಯ ಕಡೆ ಎರಡು ಬೆರಳು ಎತ್ತಿದಳು: ಎರಡನೆಯ ಹಾಳೆ.

ಪುಸ್ತಕಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಪಾಠಾಂತರ ಸರ್ ಬಗ್ಗಿ ಎತ್ತಿಕೊಳ್ಳಲಿಲ್ಲ. ಇಷ್ಟು ವರ್ಷದಲ್ಲಿ ವಿಭಾಗದ ಯಾರೂ ಮೇಡಂ ಅವರನ್ನು ಮಾತಾಡಿಸಿರದ ರೀತಿಯಲ್ಲಿ ಮಾತಾಡಿಸಿದರು.

"ಆ ಕಾಗದ ನಿನ್ನ ಕೈ ಸೇರಲೇ ಇಲ್ಲ ಅಂತ ನನ್ನ ಮುಖ ನೋಡಿ ಹೇಳಿದ್ದೆಯಲ್ಲೇ ನೀನು?"